ನೋಡೋಣಪ್ಪನವರ ಕಿವಿಯಲ್ಲಿ ಇನ್ನೂರು ಹಾಡು

ಹೂಂ ಎಂದರೆ ಹೊಣೆ, ಊಹೂಂ ಎಂದರೆ ಹಗೆ. ಇವೆರಡರ ನಡುವೆ ಬಡಪಾಯಿ ಮನುಷ್ಯ ತಲೆ ಉಳಿಸಿಕೊಳ್ಳಲಿ ಎಂದು ದೇವರು ದಯೆಯಿಟ್ಟು ಕೊಟ್ಟ ಮಾತೇ 'ನೋಡೋಣ'. ಇದು ಬೀಗದ ಕಾರ್ಖಾನೆಯ ಸ್ಟೋರ್‌ಕೀಪರರ ಜೀವನ ಸಿದ್ಧಾಂತ. ಸುತ್ತಿಗೆ ಬೇಕು ಎಂದರೆ ನೋಡೋಣ. ಕೈಗವಸು ಹರಿದಿದೆ ಎಂದರೆ ನೋಡೋಣ. ಬಡಿಸಲಾ ಎಂದು ಹೆಂಡತಿ ಕೇಳಿದರೂ ನೋಡೋಣ ಎನ್ನುತ್ತಿದ್ದರು. ಆಕೆ ಉತ್ತರಕ್ಕೆ ಕಾಯದೆ ಬಡಿಸಿಬಿಡುತ್ತಿದ್ದುದರಿಂದ ಮನುಷ್ಯ ಇಷ್ಟು ವರ್ಷ ಬದುಕಿದ್ದರು. ಹೆಣ್ಣು ನೋಡಲು ಹೋದಾಗ ಒಪ್ಪಿಗೆಯಾಯಿತೇ ಎಂದು ಕೇಳಿದ್ದಕ್ಕೂ ಇದೇ ಉತ್ತರವಂತೆ. ಹುಡುಗಿಯ ಅಪ್ಪ ಅವಸರದ ಆಸಾಮಿ, ಅದನ್ನೇ ಒಪ್ಪಿಗೆಯ ಖಾತೆಗೆ ಹಾಕಿ ಮದುವೆ ಮುಗಿಸಿಬಿಟ್ಟರು. ಹೀಗಾಗಿ ಕಾರ್ಖಾನೆಯಲ್ಲೂ ಬೀದಿಯಲ್ಲೂ ನೆಂಟರಲ್ಲೂ ಅವರು ನೋಡೋಣಪ್ಪನವರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು.

ಇಂಥವರ ಕೈಗೆ ಹಾಡಿನ ಯಂತ್ರ ಬಂದದ್ದು ಹೇಗೆ ಎಂದರೆ, ಅದೂ ನೋಡೋಣದ ಮಹಿಮೆಯೇ. ಇಪ್ಪತ್ತೈದು ವರ್ಷ ದುಡಿದವರಿಗೆಲ್ಲ ಕಾರ್ಖಾನೆಯವರು ಒಂದು ಗೋಡೆ ಗಡಿಯಾರ ಕೊಡುವುದು ವಾಡಿಕೆ. ಗಡಿಯಾರಗಳಿರುವುದು ಸ್ಟೋರಿನಲ್ಲಿ. ನೋಡೋಣಪ್ಪನವರ ಸರದಿ ಬಂದಾಗ ಅವರು ಸ್ಟೋರ್‌ಕೀಪರರನ್ನು, ಅಂದರೆ ತಮ್ಮನ್ನೇ, ಕೇಳಿಕೊಳ್ಳಬೇಕಾಯಿತು. ಸ್ಟೋರ್‌ಕೀಪರರು ನೋಡೋಣ ಎಂದರು. ತನ್ನ ಉಡುಗೊರೆಯನ್ನು ತಾನೇ ಕೊಟ್ಟುಕೊಂಡರೆ ನಾಲ್ಕು ಜನ ಏನೆಂದಾರು ಎಂದು ಅವರು ಯೋಚಿಸುತ್ತಿರುವಾಗಲೇ ಹಿಂದಿನವರೆಲ್ಲ ಮುಂದೆ ಬಂದು ಗಡಿಯಾರ ಖಾಲಿಯಾಯಿತು. ಉಳಿದದ್ದು, ಯಾರೋ ಮಾರಾಟದವನು ಮಾದರಿಗೆಂದು ಬಿಟ್ಟುಹೋಗಿದ್ದ ಬೆಂಕಿಪೊಟ್ಟಣದಷ್ಟು ಚಿಕ್ಕ ಹಾಡಿನ ಯಂತ್ರ. ಮ್ಯಾನೇಜರು ಅದನ್ನೇ ಅವರ ಕೈಗಿಟ್ಟು, ಒಂದು ಚಪ್ಪಾಳೆ ತಟ್ಟಿ, ಊಟಕ್ಕೆ ಹೋದರು.

ಮನೆಗೆ ತಂದರು. ಮಗಳು ಅದರೊಳಗೆ ಇನ್ನೂರು ಹಾಡು ತುಂಬಿಸಿದಳು. ಸ್ಟೋರಿನ ಬುದ್ಧಿ ಎಲ್ಲಿ ಹೋಗುತ್ತದೆ? ತುಂಬಿಸುವ ಮುಂಚೆ ಒಮ್ಮೆ, ತುಂಬಿಸಿದ ಮೇಲೆ ಒಮ್ಮೆ ಅವರು ಯಂತ್ರವನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು. ತೂಕದಲ್ಲಿ ಗುಲಗಂಜಿಯಷ್ಟೂ ವ್ಯತ್ಯಾಸವಿರಲಿಲ್ಲ. ಇನ್ನೂರು ಹಾಡು ಒಳಗೆ ಹೋಗಿದೆ ಎಂದು ಮಗಳು ಎಷ್ಟು ಹೇಳಿದರೂ ಅವರಿಗೆ ಅನುಮಾನವೇ. ಆಮೇಲೆ ಅವಳು ವೈರಿನ ತುದಿಯ ಎರಡು ಗುಂಡಿಗಳನ್ನು ಅಪ್ಪನ ಎರಡು ಕಿವಿಗೆ ಸಿಕ್ಕಿಸಿ ಯಂತ್ರ ಚಾಲೂ ಮಾಡಿದಳು.

ಅಯ್ಯೋ, ಆ ಮುಖವನ್ನು ನೀವು ನೋಡಬೇಕಿತ್ತು. ಕಣ್ಣು ಅರಳಿತು, ಬಾಯಿ ತೆರೆಯಿತು, ಕೈಯಲ್ಲಿದ್ದ ಟೀ ಲೋಟ ತನ್ನಷ್ಟಕ್ಕೆ ಓರೆಯಾಯಿತು. ಏನಾಯಿತೋ ಎಂದು ಹೆಂಡತಿ ನೀರು ತಂದರೆ, "ತಲೆ ಒಳಗೇ ಹಾಡ್ತಾ ಇದಾರೆ ಕಣೇ" ಎಂದು ಮೂರು ಮನೆಗೆ ಕೇಳುವಂತೆ ಕೂಗಿದರು. ತಮ್ಮ ದನಿ ತಮಗೇ ಕೇಳುತ್ತಿರಲಿಲ್ಲ, ಪಾಪ. ಅಂದು ಸಂಜೆಯಿಡೀ ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಅಡುಗೆಮನೆಗೆ ಓಡಾಡಿದ್ದೇ ಓಡಾಡಿದ್ದು. ಮಗಳು ಗುಂಡಿ, ವೈರು, ಚಾರ್ಜು ಎಲ್ಲ ವಿವರಿಸಿ ಕೊನೆಗೆ ದೀಪ ತೋರಿಸಿದಳು.

"ಸಿಗ್ನಲ್ ಥರಾನೇ ಅಪ್ಪ. ಹಸಿರು ಇದ್ರೆ ಹಾಡುತ್ತೆ. ಕೆಂಪಾಯ್ತು ಅಂದ್ರೆ ಇನ್ನು ಸ್ವಲ್ಪ ಹೊತ್ತು ಅಷ್ಟೇ, ಆಮೇಲೆ ನಿಂತುಹೋಗುತ್ತೆ."

ಸಿಗ್ನಲ್ಲಿನ ಮಾತು ಅವಳ ಬಾಯಲ್ಲಿ ಸುಮ್ಮನೆ ಬರಲಿಲ್ಲ. ಅವಳು ರೈಲು ಓಡಿಸುವವರ ತರಬೇತಿಗೆ ಆಯ್ಕೆಯಾಗಿದ್ದಳು. ಬರುತ್ತೇನೆ ಎಂದು ತಿಳಿಸಲು ಮರುದಿನವೇ ಕಡೆಯ ದಿನ. ಅಪ್ಪ ಬೇಡ ಎಂದಿದ್ದರೆ ಜಗಳವಾಡಿಕೊಂಡು ಹೋಗಬಹುದಿತ್ತು. ಹೋಗು ಎಂದಿದ್ದರೆ ಕುಣಿದುಕೊಂಡು ಹೋಗಬಹುದಿತ್ತು. ಅಪ್ಪ ನೋಡೋಣ ಎಂದಿದ್ದರು. ಹುಡುಗಿಯದೂ ಅಪ್ಪನಷ್ಟೇ ಹಟ, ಅಪ್ಪ ಒಪ್ಪುವವರೆಗೆ ಹೆಜ್ಜೆ ತೆಗೆಯುವುದಿಲ್ಲ ಎಂದು ಕೂತಿದ್ದಳು. ಅವಳ ಅಮ್ಮ ದಿನವೂ ಇಬ್ಬರ ಮುಖವನ್ನೂ ನೋಡಿ, ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದಳು.

ಯಂತ್ರವನ್ನು ಮನೆಯಲ್ಲಿ ಮಾತ್ರ ಕೇಳುತ್ತೇನೆ ಎಂದು ನೋಡೋಣಪ್ಪನವರು ಹೆಂಡತಿಗೆ ಮಾತು ಕೊಟ್ಟಿದ್ದರು. ಈ ವಯಸ್ಸಿನಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ಬೀದಿಯಲ್ಲಿ ಹೋದರೆ ಜನ ಆಡಿಕೊಳ್ಳುವುದಿಲ್ಲವೇ? ಆದರೆ ರುಚಿ ಹತ್ತಿದ ಮೇಲೆ ಯಾವ ಮಾತು, ಯಾವ ವಯಸ್ಸು? ಮರುದಿನ ಬೆಳಿಗ್ಗೆ ಅವರು ಕಿವಿ ಮುಚ್ಚುವ ಉಣ್ಣೆಯ ಟೋಪಿ ಹಾಕಿಕೊಂಡರು. ಚಳಿ ಇದ್ದದ್ದೂ ನಿಜ. ವೈರು ಟೋಪಿಯಿಂದ ಕೊರಳಿಗಿಳಿದು, ಕೋಟಿನೊಳಗೆ ಹೊಕ್ಕು, ಎದೆಯ ಜೇಬಿನಲ್ಲಿ ಮಾಯವಾಯಿತು. ಬಾಗಿಲಾಚೆ ಕಾಲಿಟ್ಟೊಡನೆ ಅವರು ಜೇಬಿನ ಮೇಲೆ ಒತ್ತಿದರು. ಡೋಲು ಬಡಿಯಿತು, ತುತ್ತೂರಿ ಎದ್ದಿತು, ಮೈ ಜುಮ್ಮೆಂದಿತು.

ಇಲ್ಲಿ ಒಂದು ಶಾಸ್ತ್ರ ವಿಚಾರ ಹೇಳಿಬಿಡಬೇಕು. ಹಾಡು ಕೇಳುವವರ ತಲೆ ಸುಮ್ಮನಿರುವುದಿಲ್ಲ. ಕುಣಿತದ ಹಾಡಿಗೆ ತಲೆ ಮೇಲೆ ಕೆಳಗೆ ಆಡುತ್ತದೆ, ಇದನ್ನು ಎದುರಿಗಿದ್ದವರು ಹೂಂ ಎಂದು ತಿಳಿಯುತ್ತಾರೆ. ಕರುಣೆಯ ಹಾಡಿಗೆ ತಲೆ ಅತ್ತಿಂದಿತ್ತ ಆಡುತ್ತದೆ, ಅದು ಊಹೂಂ. 'ನೋಡೋಣ' ಎನ್ನುವಂತೆ ತಲೆ ಆಡಿಸುವ ವಿದ್ಯೆಯನ್ನು ಮನುಷ್ಯಕುಲ ಇನ್ನೂ ಕಂಡುಹಿಡಿದಿಲ್ಲ. ನೋಡೋಣಪ್ಪನವರು ಮೋಸಹೋದದ್ದು ಅಲ್ಲಿಯೇ.

ಮೊದಲು ಸಿಕ್ಕವರು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ಎರಡು ಮನೆಗಳ ನಡುವೆ ಒಂದು ಗೋಡೆ. ಅದು ಅರ್ಧ ಬಿದ್ದು, ಇನ್ನರ್ಧ ಬೀಳುವ ಯೋಚನೆಯಲ್ಲಿತ್ತು. ಅದು ಅಡ್ಡವಾಗಿ ಮೇಷ್ಟ್ರ ಅಂಗಳಕ್ಕೆ ಬೆಳಗಿನ ಬಿಸಿಲು ಬರುತ್ತಿರಲಿಲ್ಲ. ಕೆಡವಿಬಿಡೋಣವೇ ಎಂದು ಅವರು ಎಷ್ಟೋ ವರ್ಷಗಳಿಂದ ಕೇಳುತ್ತಿದ್ದರು, ಏನು ಉತ್ತರ ಬರುತ್ತಿತ್ತೆಂದು ಬೇರೆ ಹೇಳಬೇಕಿಲ್ಲ. ಅಂದೂ ರೂಢಿಯಂತೆ ಕೇಳಿದರು. ನೋಡೋಣಪ್ಪನವರು ನಕ್ಕು, ಗಟ್ಟಿಯಾಗಿ ಮೇಲೆ ಕೆಳಗೆ ತಲೆಯಾಡಿಸಿ ಮುಂದೆ ಹೋದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಅವರ ಬೆನ್ನನ್ನೇ ನೋಡಿದರು. ಈ ಮನುಷ್ಯನ ಮನಸ್ಸು ತಿರುಗುವುದರೊಳಗೆ ಕೆಲಸವಾಗಬೇಕು ಎಂದು ಆ ಗಳಿಗೆಯಲ್ಲೇ ಕೂಲಿಯವರನ್ನು ಕರೆಯಲು ಓಡಿದರು.

ಎರಡನೆಯವನು ಹೆಂಡತಿಯ ತಮ್ಮ. ವ್ಯಾಪಾರದಲ್ಲಿ ಕೈಯಿಡದ ಕ್ಷೇತ್ರವಿಲ್ಲ, ಇಟ್ಟ ಕೈ ಸುಟ್ಟುಕೊಳ್ಳದ ಕ್ಷೇತ್ರವೂ ಇಲ್ಲ. ಮೇಣದ ಬತ್ತಿ ಮಾಡಿದ, ಕರಗಿಹೋಯಿತು. ಸಾಬೂನು ಮಾಡಿದ, ಕರಗಲೇ ಇಲ್ಲ. ಈ ಸಲ ಬಾತುಕೋಳಿ. ಅವನು ಬಸ್ ನಿಲ್ದಾಣದಲ್ಲಿ ಅಡ್ಡ ನಿಂತು, ಭಾವ, ಎರಡೇ ದಿನದ ಮಟ್ಟಿಗೆ ನಿಮ್ಮ ಹಿತ್ತಲಲ್ಲಿ ಬಿಟ್ಟುಕೊಳ್ಳಲಾ ಎಂದು ಕೈ ಹಿಸುಕಿಕೊಂಡು ಕೇಳಿದ. ಭಾವನ ಕಿವಿಯಲ್ಲಿ ಆಗ ಡೋಲು ಉಚ್ಛ್ರಾಯದಲ್ಲಿತ್ತು. ಭಾವ ತಲೆಯಾಡಿಸಿದ್ದಲ್ಲದೆ ಎರಡು ಹೆಜ್ಜೆಯನ್ನೂ ಹಾಕಿದರು. ಭಾವನಿಗೆ ತನ್ನ ವ್ಯಾಪಾರದ ಮೇಲೆ ಇಷ್ಟು ಉತ್ಸಾಹವೇ ಎಂದು ಬಾಮೈದನ ಕಣ್ಣಲ್ಲಿ ನೀರು ಬಂತು.

ಕಾರ್ಖಾನೆಯಲ್ಲಿ ಸ್ಟೋರಿನ ಕಿಟಕಿಯ ಹಿಂದೆ ಕೂತು ಅವರು ಕಣ್ಣು ಮುಚ್ಚಿದರು. ಫೋರ್ಮನ್ ಬಂದು ಕೈಗವಸು ಕೇಳಿದ. ಹಳೆಯ ಅಭ್ಯಾಸ, ಕೇಳಿ ಹೊರಟೇಬಿಟ್ಟಿದ್ದ. ತಲೆಯಾಡಿದ್ದು ಕಂಡು ತಿರುಗಿ ಬಂದ. ಇನ್ನೊಂದು ಪರೀಕ್ಷೆ ಇರಲಿ ಎಂದು, ನಿಂತೇ ಬೀಗ ಕಟ್ಟುವ ಹೆಂಗಸರಿಗೆ ಸ್ಟೂಲು ಬೇಕು ಎಂದ. ಅದಕ್ಕೂ ತಲೆಯಾಡಿತು. ಫ್ಯಾನು ಎಂದ, ಆಡಿತು. ಸುದ್ದಿ ಗಾಳಿಗಿಂತ ಬೇಗ ಹಬ್ಬಿ ಕಿಟಕಿಯ ಮುಂದೆ ಸಾಲು ಬೆಳೆಯಿತು. ಯಾರಿಗೆ ಏನು ಬೇಕೋ ಕೇಳುವುದು, ತಲೆ ನೋಡುವುದು, ಪಕ್ಕದ ಬಾಗಿಲಿಂದ ಹೊತ್ತುಕೊಂಡು ನಡೆಯುವುದು. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಸಂದಿನಲ್ಲಿ ನೋಡೋಣಪ್ಪನವರು ಕಣ್ಣು ಬಿಟ್ಟರೆ, ಎದುರಿಗೆ ಇಡೀ ಕಾರ್ಖಾನೆ ನಗುನಗುತ್ತ ಕೈ ಮುಗಿದು ನಿಂತಿದೆ. ಇಪ್ಪತ್ತೈದು ವರ್ಷ ಮುಗಿಸಿದ್ದಕ್ಕೆ ಅಭಿನಂದನೆ ಹೇಳಲು ಬಂದಿದ್ದಾರೆ ಎಂದು ಅವರು ತಿಳಿದರು. ಎಲ್ಲರಿಗೂ ಇನ್ನಷ್ಟು ಪ್ರೀತಿಯಿಂದ ತಲೆಯಾಡಿಸಿದರು. ಮಧ್ಯಾಹ್ನ ಎದ್ದು ನೋಡಿದಾಗ ಸ್ಟೋರು ಯಾಕೋ ದೊಡ್ಡದಾಗಿ ಕಾಣುತ್ತಿತ್ತು.

ಊಟವಾದ ಮೇಲೆ ಮ್ಯಾನೇಜರು ಕರೆಸಿದರು. ಕೋಣೆಯಲ್ಲಿ ಬೀಗಕ್ಕೆ ಹಾಕುವ ಸ್ಪ್ರಿಂಗುಗಳ ಒಂದು ಪೆಟ್ಟಿಗೆ, ಅದರ ಪಕ್ಕದಲ್ಲಿ ಅದನ್ನು ಮಾರಲು ಬಂದ ದಪ್ಪ ಗೃಹಸ್ಥರು. ಅವರು ಕಾರ್ಖಾನೆಯ ಮಾಲೀಕರ ಷಡ್ಡಕ. ಬೇಡ ಎನ್ನುವ ಧೈರ್ಯ ಮ್ಯಾನೇಜರಿಗಿರಲಿಲ್ಲ, ಬೇಕು ಎನ್ನುವ ಮನಸ್ಸೂ ಇರಲಿಲ್ಲ. ನಾಳೆ ಏನಾದರೂ ಆದರೆ ಸ್ಟೋರ್‌ಕೀಪರ್ ಒಪ್ಪಿ ತೆಗೆದುಕೊಂಡದ್ದು ಎನ್ನಬಹುದಲ್ಲ ಎಂದು ಇವರನ್ನು ಕರೆಸಿದ್ದರು. ಬಾಗಿಲು ದೂಡುವಾಗ ನೋಡೋಣಪ್ಪನವರು ಒಮ್ಮೆ ಜೇಬಿನೊಳಗೆ ಇಣುಕಿದರು. ದೀಪ ಕೆಂಪಾಗಿತ್ತು. ಆದರೆ ಅದೇ ಹೊತ್ತಿಗೆ ಕೊಳಲಿನ ಹಾಡೊಂದು ಶುರುವಾಗಿತ್ತು, ಎಂಥ ಹಾಡು ಅಂತೀರಿ, ಕಲ್ಲೂ ಕರಗುವಂಥದ್ದು.

ಸರಕು ಒಳಗೆ ತಗೊಳ್ಳೋಣ ಅಲ್ಲವೇ ಎಂದು ಮ್ಯಾನೇಜರು ಕೇಳಿದರು. ನೋಡೋಣಪ್ಪನವರು ಕಣ್ಣು ಮುಚ್ಚಿ, ಅತ್ತಿಂದಿತ್ತ ತಲೆಯಾಡಿಸಿದರು. ಮ್ಯಾನೇಜರು ಕುರ್ಚಿಯಲ್ಲಿ ಮುಂದಕ್ಕೆ ಜರುಗಿ, ಇವರು ಮಾಲೀಕರ ಕಡೆಯವರು ಕಣ್ರೀ ಎಂದು ನೆನಪಿಸಿದರು. ಕೊಳಲು ಮೇಲಿನ ಸ್ವರಕ್ಕೆ ಏರಿತು. ಸ್ಟೋರ್‌ಕೀಪರರು ನೋವಿನಿಂದೆಂಬಂತೆ ಹುಬ್ಬು ಗಂಟಿಕ್ಕಿ, ನಾಲಗೆಯಿಂದ ತ್ಚು ತ್ಚು ಎಂದು, ಇನ್ನೂ ಜೋರಾಗಿ ತಲೆಯಾಡಿಸಿದರು. ಕೆನ್ನೆಯ ಮೇಲೆ ಒಂದು ಹನಿ ಇಳಿಯಿತು. ಮಾಲೀಕರ ಷಡ್ಡಕ ಬೆವರು ಒರೆಸಿಕೊಂಡು, ಪೆಟ್ಟಿಗೆ ಅಲ್ಲೇ ಬಿಟ್ಟು ಎದ್ದು ಹೋದರು. ಮ್ಯಾನೇಜರು ಆ ಕಣ್ಣೀರನ್ನು ನೋಡಿ ತಾವೂ ಎದ್ದು ನಿಂತರು. ಇಪ್ಪತ್ತೈದು ವರ್ಷ ಇಂಥ ಹುಲಿಯನ್ನು ಸ್ಟೋರಿನಲ್ಲಿ ಕೂಡಿಹಾಕಿದ್ದೆವಲ್ಲ ಎಂದು ಅವರಿಗೆ ಅನ್ನಿಸಿತು.

ಸಂಜೆ ಹೊರಟಾಗ ನೋಡೋಣಪ್ಪನವರ ಕಾಲು ನೆಲದ ಮೇಲಿರಲಿಲ್ಲ. ಬೆಳಗಿನಿಂದ ಕಂಡವರೆಲ್ಲ ನಕ್ಕಿದ್ದರು, ಕೈ ಮುಗಿದಿದ್ದರು, ಯಾಕೆ ಎಂದು ಗೊತ್ತಿಲ್ಲದಿದ್ದರೂ ಬಹಳ ಹಿತವಾಗಿತ್ತು. ಬಸ್ ನಿಲ್ದಾಣದಲ್ಲಿ ಮಗಳು ಕಾಯುತ್ತಿದ್ದಳು. ಅವಳೂ ಒಂದು ಮಾತು ಕೇಳಿದಳು. ಅವರು ಸ್ವಲ್ಪ ಹೊತ್ತು ಅವಳ ಮುಖ ನೋಡಿ, ತಲೆಯಾಡಿಸಿದರು, ಮೇಲೆ ಕೆಳಗೆ, ನಿಧಾನವಾಗಿ. ಅವಳು ಒಂದು ಕ್ಷಣ ಕಂಬದಂತೆ ನಿಂತು, ಅಪ್ಪನ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು, ಎದುರಿನ ಬಸ್ಸಿಗೆ ಓಡಿಹೋದಳು. ಕಚೇರಿ ಮುಚ್ಚುವುದರೊಳಗೆ ಬರುತ್ತೇನೆಂದು ಹೇಳಿ ಬರಬೇಕಿತ್ತು. ನೋಡೋಣಪ್ಪನವರು ಬಸ್ಸು ಹತ್ತದೆ ನಡೆದೇ ಮನೆಗೆ ಹೊರಟರು.

ಮನೆ ಮುಂದೆ ಬಂದರೆ ಮನೆಯ ಗುರುತೇ ಹತ್ತಲಿಲ್ಲ. ಗೋಡೆ ಇರಲಿಲ್ಲ. ಗೋಡೆ ಇಲ್ಲದ್ದರಿಂದ ಹಿತ್ತಲ ಬಾತುಕೋಳಿಗಳಿಗೆ ಇದು ನಮ್ಮದು, ಅದು ಅವರದು ಎಂಬ ಭೇದ ತಿಳಿಯದೆ, ಅವು ಕ್ವ್ಯಾಕ್ ಕ್ವ್ಯಾಕ್ ಎನ್ನುತ್ತ ಮೇಷ್ಟ್ರ ಹೂವಿನ ಪಾತಿಯ ಬುಡ ಕಂಡಿದ್ದವು. ಮೇಷ್ಟ್ರು ಕೊಡೆ ಹಿಡಿದು ಅವನ್ನು ಅಟ್ಟುತ್ತಿದ್ದರು. ಬಾಮೈದ ಮೇಷ್ಟ್ರನ್ನು ಅಟ್ಟುತ್ತಿದ್ದ. ಮಗಳು ಆಗಲೇ ಬಂದು ಹೊಸ್ತಿಲ ಮೇಲೆ ನಗುತ್ತ ನಿಂತಿದ್ದಳು. ನೋಡೋಣಪ್ಪನವರನ್ನು ಕಂಡದ್ದೇ ತಡ, ಇಬ್ಬರು ಗಂಡಸರೂ ಅವರ ಮೇಲೆ ಬಿದ್ದರು. ಅವರ ಕೂಗಾಟಕ್ಕೆ ಇವರು ಹೌಹಾರಿ, ಏನೆಂದು ಕೇಳಿದರು. ನೀವೇ ಹೂಂ ಅಂದಿರಿ ಎಂದು ಮೇಷ್ಟ್ರು. ನೀವೇ ಹೂಂ ಅಂದಿರಿ ಭಾವ, ಕುಣಿದೂಬಿಟ್ಟಿರಿ ಎಂದು ಬಾಮೈದ.

"ರೀ, ಕೇಳಿದ್ದಕ್ಕೆಲ್ಲ ಹೂಂ ಅಂದ್ರಂತೆ, ನಿಜವಾ?" ಎಂದು ಹೆಂಡತಿ ಕೇಳಿದಳು.

"ನೋಡೋಣ," ಎಂದು ಬಾಯಿ ತನ್ನಷ್ಟಕ್ಕೆ ಹೇಳಿತು.

ಆಕೆಯ ತಾಳ್ಮೆ ಅಷ್ಟೇ ಇದ್ದದ್ದು. ಮನೆಗೆ ಬಂದವರು ಮೊದಲು ಟೋಪಿಯನ್ನಾದರೂ ತೆಗೆಯಿರಿ ಎಂದು ಕೈ ಹಾಕಿ ಎಳೆದಳು. ಟೋಪಿ ಬಂತು, ಅದರ ಹಿಂದೆ ಎರಡು ವೈರೂ ಬಂದು ಎಲ್ಲರ ಮುಂದೆ ತೂಗಾಡಿದವು. ಬಾತುಕೋಳಿಗಳು ಕೂಡ ಒಂದು ಗಳಿಗೆ ಸುಮ್ಮನಾದವು.

ಕಳ್ಳ ಸಿಕ್ಕಿಬಿದ್ದ ಮೇಲೆ ಮುಚ್ಚುಮರೆ ಏನು? ನೋಡೋಣಪ್ಪನವರು ನಾನು ನಿಮ್ಮಿಬ್ಬರ ಮಾತನ್ನೂ ಕೇಳಿಯೇ ಇಲ್ಲ, ಹಾಡು ಕೇಳುತ್ತಿದ್ದೆ, ತಲೆಯಾಡಿದ್ದು ಹಾಡಿಗೆ ಎಂದು ಒಪ್ಪಿಕೊಂಡರು. ಮೇಷ್ಟ್ರು ಕೊಡೆ ಮಡಿಸಿ, ಶಾಲೆಯಲ್ಲಿ ವಿಚಾರಣೆ ಮಾಡುವ ದನಿಯಲ್ಲಿ, ಅಂದರೆ ಆ ಹೂಂ ನನಗಲ್ಲವೋ ಎಂದರು. ನಿಮಗಲ್ಲ ಮೇಷ್ಟ್ರೇ, ತುತ್ತೂರಿಗೆ ಎಂದು ಇವರು ತಲೆ ತಗ್ಗಿಸಿದರು. ಮೇಷ್ಟ್ರ ಮುಖ ಪೆಚ್ಚಾಯಿತು. ಮನೆಯೊಡೆಯ ಒಪ್ಪದೆ ಕೆಡವಿದ್ದು ತಪ್ಪು, ನಾಳೆಯೇ ಕಟ್ಟಿಸಿಕೊಡುತ್ತೇನೆ ಎಂದರು. ಅಷ್ಟರಲ್ಲಿ ಹೆಂಡತಿ ಅಡ್ಡ ಬಾಯಿ ಹಾಕಿದಳು. ಗೋಡೆ ಬಿದ್ದ ಮೇಲೆ ಅವಳ ಅಡುಗೆಮನೆಗೂ ಬಿಸಿಲು ಬಂದಿತ್ತು. ಈ ಮನೆಗೆ ಬಂದಾಗಿನಿಂದ ಸಾಸಿವೆ ಯಾವುದು ಇರುವೆ ಯಾವುದು ಎಂದು ಇವತ್ತೇ ಕಂಡಿದ್ದೇನೆ, ಯಾರಾದರೂ ಒಂದು ಇಟ್ಟಿಗೆ ಎತ್ತಿ ಇಟ್ಟರೆ ನೋಡಿ ಎಂದಳು. ಮೇಷ್ಟ್ರು ಸಂತೋಷದಿಂದ ಕೈ ಕಟ್ಟಿ ನಿಂತರು. ಬಾಮೈದನಿಗೂ ಧೈರ್ಯ ಬಂದು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಕಾರು ನಿಂತಿತು.

ಮ್ಯಾನೇಜರು. ನೋಡೋಣಪ್ಪನವರಿಗೆ ದೊಡ್ಡದಾಗಿ ಕಂಡ ಸ್ಟೋರು ಈಗ ನೆನಪಿಗೆ ಬಂತು. ಕೆಲಸ ಹೋಯಿತು, ಇನ್ನು ಬಾತುಕೋಳಿಯ ವ್ಯಾಪಾರವೇ ಗತಿ ಎಂದು ಅವರು ಬಾಮೈದನ ಕಡೆ ಒಮ್ಮೆ ನೋಡಿದರು. ಮ್ಯಾನೇಜರು ಅಂಗಳಕ್ಕೆ ಬಂದವರೇ ಅವರ ಎರಡೂ ಕೈ ಹಿಡಿದುಕೊಂಡರು. ಆ ಸ್ಪ್ರಿಂಗು ಹಾಕಿದ ಬೀಗ ಎದುರಿಗೆ ಸೀನಿದರೂ ಬಿಚ್ಚಿಕೊಳ್ಳುತ್ತಿದೆಯಂತೆ. ಮಾಲೀಕರೇ ಸೀನಿ ಪರೀಕ್ಷಿಸಿದರಂತೆ. ಸ್ಟೋರಿನಿಂದ ಹೋದ ಸಾಮಾನಿನ ಸುದ್ದಿಯೂ ಬಂತು. ಅದೇನು, ಕೊಳೆಯುತ್ತಿದ್ದದ್ದು ಕೈಗೆ ಬಂತು, ಇವತ್ತು ಹೆಂಗಸರು ಕೂತು ಎಂದಿಗಿಂತ ಹೆಚ್ಚು ಬೀಗ ಕಟ್ಟಿದ್ದಾರೆ ಎಂದರು.

"ಪೆಟ್ಟಿಗೆ ಮುಚ್ಚಳಾನೂ ತೆಗೀದೆ ನಿಮಗೆ ಹೇಗ್ರೀ ಗೊತ್ತಾಯ್ತು?"

ನೋಡೋಣಪ್ಪನವರು ಸುಮ್ಮನಿದ್ದಿದ್ದರೆ ಬಡ್ತಿಯೇ ಸಿಗುತ್ತಿತ್ತೇನೋ. ಆದರೆ ಟೋಪಿಯ ಜೊತೆಗೆ ಸುಳ್ಳೂ ಕಳಚಿಹೋಗಿತ್ತು. ಅದು ಕೊಳಲಿಗೆ ಸಾರ್, ನಿಮ್ಮ ಮಾತು ಒಂದೂ ಕೇಳಿಸಲಿಲ್ಲ ಎಂದುಬಿಟ್ಟರು. ಮ್ಯಾನೇಜರು ಕೈ ಬಿಟ್ಟರು. ತೂಗಾಡುವ ವೈರುಗಳನ್ನೂ, ಆ ಮುಖವನ್ನೂ, ಬಾಗಿಲಲ್ಲಿ ಇಣುಕುತ್ತಿದ್ದ ಬಾತುಕೋಳಿಯನ್ನೂ ಒಂದೊಂದಾಗಿ ನೋಡಿದರು. ಕೊನೆಗೆ ದನಿ ತಗ್ಗಿಸಿ, ಇದನ್ನು ಮಾಲೀಕರಿಗೆ ಹೇಳುವುದು ಬೇಡ ಎಂದರು. ಇನ್ನೊಮ್ಮೆ ಅವರ ಷಡ್ಡಕ ಬಂದ ದಿನ ಅದೇ ಹಾಡು ಹಾಕಿಕೊಂಡು ಬನ್ನಿ ಎಂದೂ ಸೇರಿಸಿದರು.

ಎಲ್ಲರೂ ನಕ್ಕರು. ಹೊಸ್ತಿಲ ಮೇಲಿದ್ದ ಮಗಳು ಮಾತ್ರ ನಗಲಿಲ್ಲ. ಟೋಪಿ ಕಳಚಿದಾಗಿನಿಂದ ಅವಳ ಮುಖದ ಬಣ್ಣ ಇಳಿಯುತ್ತಲೇ ಇತ್ತು. ಮೇಷ್ಟ್ರಿಗೆ ಹೇಳಿದ್ದು ತುತ್ತೂರಿಗೆ, ಮಾಮನಿಗೆ ಹೇಳಿದ್ದು ಡೋಲಿಗೆ, ಮ್ಯಾನೇಜರಿಗೆ ಹೇಳಿದ್ದು ಕೊಳಲಿಗೆ. ಅವಳು ಕಚೇರಿಗೆ ಹೋಗಿ ಬರುತ್ತೇನೆಂದು ಹೇಳಿ ಬಂದಿದ್ದಳು, ಅಮ್ಮನ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದ್ದಳು. ಅವಳು ಅಪ್ಪನ ಹತ್ತಿರ ಬಂದು ನಿಂತಳು.

"ಅಪ್ಪ, ಹಾಗಾದ್ರೆ ನನಗೆ ತಲೆ ಆಡಿಸಿದ್ದೂ ಹಾಡಿಗೇನಾ?"

ಹೆಂಡತಿ ಸೆರಗಿನ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನೋಡೋಣಪ್ಪನವರು ಬಾಯಿ ತೆರೆದರು. ಮೊದಲಿಗೆ 'ನೋ' ಎಂಬ ಅಕ್ಷರವೇ ಹೊರಟಿತು. ಮೇಷ್ಟ್ರು ನಿಟ್ಟುಸಿರು ಬಿಟ್ಟರು, ಬಾಮೈದ ಹಣೆ ಚಚ್ಚಿಕೊಂಡ, ಇನ್ನೇನು ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು.

"ನೋಡು ಮಗಳೇ," ಎಂದು ಅವರು ಜೇಬಿನಿಂದ ಯಂತ್ರ ತೆಗೆದು ಅವಳ ಅಂಗೈಯಲ್ಲಿಟ್ಟರು. "ದೀಪ ನೋಡು."

ಹಸಿರೂ ಇರಲಿಲ್ಲ, ಕೆಂಪೂ ಇರಲಿಲ್ಲ. ಅವಳು ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. ಯಂತ್ರ ಉಸಿರೆತ್ತಲಿಲ್ಲ.

"ಮ್ಯಾನೇಜರ್ ಸಾಹೇಬ್ರ ರೂಮಲ್ಲೇ ಕೆಂಪಾಗಿತ್ತು. ಕಾರ್ಖಾನೆ ಗೇಟು ದಾಟೋ ಮುಂಚೆ ನಿಂತುಹೋಯ್ತು. ಚಳಿ ಅಂತ ಟೋಪಿ ತೆಗೀಲಿಲ್ಲ ಅಷ್ಟೇ. ನೀನು ಕೇಳಿದಾಗ ಕಿವೀಲಿ ನಿನ್ನ ಮಾತೊಂದೇ ಇತ್ತು ಕಣಮ್ಮ."

ಮಗಳು ಅಪ್ಪನ ಕೋಟಿಗೆ ಮುಖ ಒತ್ತಿಕೊಂಡಳು. ಅವರ ಕೈ ಅವಳ ತಲೆಯ ಮೇಲೆ ಇಳಿಯಿತು. ಹೆಂಡತಿ ಒಳಗೆ ಹೋಗಿ ಟೀಗೆ ನೀರಿಟ್ಟಳು, ಈ ಸಲ ಪಾತ್ರೆಯ ಸದ್ದೇ ಆಗಲಿಲ್ಲ. ಮ್ಯಾನೇಜರು ಯಾಕೋ ತಮ್ಮ ಕನ್ನಡಕ ಒರೆಸಿಕೊಂಡರು, ಮೇಷ್ಟ್ರೂ ಒರೆಸಿಕೊಂಡರು.

ಸಮಯ ಸಾಧಿಸುವುದರಲ್ಲಿ ಬಾಮೈದನನ್ನು ಮೀರಿಸುವವರಿಲ್ಲ. ಭಾವನ ಮನಸ್ಸು ಇಷ್ಟು ಮೆತ್ತಗಾಗಿರುವುದನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಮೆಲ್ಲಗೆ ಮುಂದೆ ಬಂದು, ಹೇಗೂ ಈಗಲೂ ಹಾಡು ನಿಂತಿದೆಯಲ್ಲ ಭಾವ, ಬಾತುಕೋಳಿಗಳು ಎರಡು ದಿನದ ಬದಲು ಎರಡು ತಿಂಗಳು ಇರಲಾ ಎಂದು ಕೇಳಿದ.

ನೋಡೋಣಪ್ಪನವರು ಮಗಳ ಅಂಗೈಯಿಂದ ಸತ್ತ ಯಂತ್ರವನ್ನು ತೆಗೆದುಕೊಂಡರು. ಎರಡು ಗುಂಡಿಗಳನ್ನು ಒಂದೊಂದಾಗಿ ಎರಡು ಕಿವಿಗೆ ಸಿಕ್ಕಿಸಿಕೊಂಡು, ಟೋಪಿ ಎಳೆದುಕೊಂಡು, ಕಣ್ಣು ಮುಚ್ಚಿದರು. ಆಮೇಲೆ ಬಹಳ ಕರುಣೆಯ ಹಾಡೊಂದನ್ನು ಕೇಳುವವರಂತೆ, ಅತ್ತಿಂದಿತ್ತ, ಅತ್ತಿಂದಿತ್ತ, ತಲೆಯಾಡಿಸಿದರು. ಬಾಮೈದ ಬಾತುಕೋಳಿ ತುಂಬುವ ಬುಟ್ಟಿ ತರಲು ಹಿತ್ತಲಿಗೆ ಹೋದ.